ಕಡೀ ಆಟ ಗೆದ್ರ ಲುಕ್ಸಾನೇನು?

ಕೋರ್ಟು-ಕಚೇರಿ ಹತ್ತಿದವರನ್ನ ನೋಡಿ ನಮ್ಮ ಹಿರ್ಯಾರು ಒಂದು ಮಾತು ಹೇಳ್ತಿದ್ರು: ಗೆದ್ದಾಂವ ಸೋತ, ಸೋತಾಂವ ಸತ್ತ. ಅಮೆರಿಕದ ಫುಟ್‌ಬಾಲ್‌ನಾಗ ಈ ಮಾತು ಇನ್ನೂ ವಿಚಿತ್ರ ಅದ. ಅಲ್ಲೆ ಸೀಸನ್ ಕಡೀಕ ಗೆದ್ದಾಂವ ಕೆಟ್ಟ, ಸೋತಾಂವ ಉದ್ಧಾರ ಆದ ಅನ್ನೋ ಮಂದಿ ಭಾಳ. ನ್ಯೂಜೆರ್ಸಿ, ಟೆಕ್ಸಸ್ ಕಡೆ ಮಕ್ಕಳ ಮನೀಗೆ ಹೋಗಿ ಬಂದ ನಮ್ಮ ವೈನಿ, ಕಾಕು, ಮಾವಶಿಯರಿಗೆ ಈ ಆಟದ ಗದ್ದಲ ಗೊತ್ತೇ ಅದ. ಆದ್ರ ಸೋತು ಸುಣ್ಣಾದ ಟೀಮು ಒಂದು ಆಟ ಗೆದ್ರ ಅದರ ಅಭಿಮಾನಿಗಳೇ ಯಾಕ ಹೊಟ್ಟಿ ಉರ್ಕೋತಾರ? ಅದಕ್ಕ ತೊಂಬತ್ತು ವರ್ಷದ ಇತಿಹಾಸ ಅದ. ಹೇಳ್ತೀನಿ ಕೇಳ್ರಿ.

ಮೊದ್ಲ ಪದ್ಧತಿ ತಿಳ್ಕೊಳ್ರಿ. ಇದು ಕಾಲಿಲೆ ಒದಿಯೋ ಚೆಂಡಾಟ ಅಲ್ಲ, ತತ್ತಿ ಆಕಾರದ ಚೆಂಡು ಕೈಯಾಗ ಹಿಡ್ಕೊಂಡು ಓಡೋ ಆಟ. ಎನ್‌ಎಫ್‌ಎಲ್ ಅನ್ನೋ ಲೀಗಿನೊಳಗ 32 ಟೀಮ್ ಅವ. ಪ್ರತಿ ವರ್ಷ ಏಪ್ರಿಲ್ ಹೊತ್ತಿಗೆ 'ಡ್ರಾಫ್ಟ್' ನಡೀತದ. ಕಾಲೇಜಿನೊಳಗ ಆಡಿ ಹೆಸರು ಮಾಡಿದ ಹುಡುಗೂರನ್ನ ಟೀಮಿನವರು ಪಾಳಿ ಪ್ರಕಾರ ಆರಿಸ್ಕೋತಾರ. ನಮ್ಮ ಐಪಿಎಲ್ ಹಂಗ ಹರಾಜು ಇಲ್ಲ, ರೊಕ್ಕ ಇದ್ದಾಂವ ಜಾಸ್ತಿ ಕೂಗಿ ಒಯ್ಯಂಗಿಲ್ಲ. ಹಿಂದಿನ ಸೀಸನ್‌ದಾಗ ಎಲ್ಲಾರಕಿಂತ ಕೆಳಗ ಉಳಿದವರಿಗೆ ಮೊದಲ ಪಾಳಿ, ಚಾಂಪಿಯನ್‌ಗೆ ಕಡೀ ಪಾಳಿ. ಇಬ್ಬರ ಲೆಕ್ಕ ಸರಿಸಮ ಆದ್ರ, ಯಾರ ಎದುರಾಳಿಗಳು ಒಟ್ಟಾರೆ ಕಮ್ಮಿ ಗೆದ್ದಾರೋ ಅವರಿಗೆ ಮೊದಲು. ಮನ್ಯಾಗ ಸೊರಗಿದ ಕೂಸಿಗೆ ಮೊದ್ಲ ತುಪ್ಪ ಬಡಿಸಿಧಂಗ. ಧರ್ಮದ ಪದ್ಧತಿ ಖರೇ. ಆದ್ರ ತುಪ್ಪದ ಆಸೇಕ ಬೇಕಂತನ ಉಪಾಸ ಬೀಳೋ ಕೂಸೂ ಇರ್ತದ ಅಲ್ಲೇನ್ರಿ?

ಈ ಪದ್ಧತಿ ತಂದಾಂವ ಬರ್ಟ್ ಬೆಲ್, ಫಿಲಡೆಲ್ಫಿಯಾ ಈಗಲ್ಸ್ ಟೀಮಿನ ಮಾಲಕ. ಅದಕ್ಕೂ ಮೊದ್ಲ ಯಾರು ಬೇಕಾದ್ರೂ ಯಾವ ಹುಡುಗನ್ನ ಬೇಕಾದ್ರೂ ರೊಕ್ಕ ಕೊಟ್ಟು ಕರ್ಕೊಂಡು ಹೋಗಬಹುದಿತ್ತು. ಷಿಕಾಗೋ, ನ್ಯೂಯಾರ್ಕಿನಂಥ ಗೆಲ್ಲೋ ಟೀಮಿನ ಕಡೇನೇ ಒಳ್ಳೆ ಹುಡುಗೂರು ಹೋಗ್ತಿದ್ರು. ಬೆಲ್‌ನ ಪಾಲಿಗೆ ಬರೇ ಸೋಲು. 1935ರ ಮೇ ತಿಂಗಳದಾಗ ಮಾಲಕರ ಸಭಾದೊಳಗ ಅಂವ ಡ್ರಾಫ್ಟಿನ ವಿಚಾರ ಇಟ್ಟ, ಉಳಿದವರು ಒಪ್ಪಿದ್ರು. ಆ ವರ್ಷ ಅವನ ಟೀಮ್ 2 ಆಟ ಗೆದ್ದು 9 ಸೋತು ತಳಕ್ಕ ಕೂತಿತ್ತು. ಹಿಂಗಾಗಿ 1936ರ ಫೆಬ್ರುವರಿ 8ಕ್ಕ ಫಿಲಡೆಲ್ಫಿಯಾದ ಹೋಟೆಲ್ ಒಂದರಾಗ ನಡೆದ ಮೊಟ್ಟಮೊದಲ ಡ್ರಾಫ್ಟಿನ ಮೊದಲ ಪಾಳಿ ಅವನಿಗೇ ಬಂತು. ಅಂವ ಆರಿಸಿದ್ದು ಷಿಕಾಗೋ ಯೂನಿವರ್ಸಿಟಿಯ ಜೇ ಬರ್ವ್ಯಾಂಗರ್‌ನ್ನ, ಆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರ. ಆದ್ರ ಈ ಹುಡುಗ ಎನ್‌ಎಫ್‌ಎಲ್‌ನಾಗ ಒಂದು ಆಟಾನೂ ಆಡಲೇ ಇಲ್ಲ! ಹುಡುಕಿ ಹುಡುಕಿ ಗೊತ್ತು ಮಾಡಿದ ವರಾ ಮಂಟಪಕ್ಕ ಬರಲಿಲ್ಲ ಅಂದ್ರ ಹೆಂಗೋ ಹಂಗಾತು. ಮೊದಲ ಪಾಳಿ ಸಿಕ್ಕದ್ದೇ ಭಾಗ್ಯ ಅಲ್ಲ ಅನ್ನೋದು ಮೊದಲನೇ ವರ್ಷಾನ ಗೊತ್ತಾತು.

ಅದೇ ಈಗಲ್ಸ್ ಟೀಮಿಗೆ 1968ರಾಗ ಇನ್ನೊಂದು ಸಂಕಟ ಬಂತು. ಸೀಸನ್ನಿನ 14 ಆಟದೊಳಗ ಮೊದಲ 11 ಸೋತ್ರು. ಮುಂದಿನ ಡ್ರಾಫ್ಟಿಗೆ ಓ.ಜೆ. ಸಿಂಪ್ಸನ್ ಬರೋನಿದ್ದ, ಅಂಥಾ ಓಟಗಾರ ಮತ್ತೊಬ್ಬ ಇಲ್ಲ ಅಂತ ದೇಶಕ್ಕೆಲ್ಲಾ ಗೊತ್ತು. ಸೋಲ್ಕೋತ ಹೋದ್ರ ಅಂವ ನಮ್ಮವ ಅಂತ ಊರ ಮಂದಿ ಕಾಯ್ಕೋತ ಕೂತಿದ್ರು. ಆದ್ರ ಟೀಮಿನವರು ಸಾಲಾಗಿ ಎರಡು ಆಟ ಗೆದ್ದುಬಿಟ್ರು. ಬರೇ 1 ಗೆದ್ದ ಬಫಲೋ ಬಿಲ್ಸ್‌ಗೆ ಸಿಂಪ್ಸನ್ ಹೋದ, ಈಗಲ್ಸ್ ಮೂರನೇ ಪಾಳೀಗೆ ಜಾರಿತು. ಡಿಸೆಂಬರ್ 15ರ ಕಡೀ ಆಟದಾಗ ಹಿಮಾ ಬಿದ್ದಿತ್ತು, ಮಂದಿ ಸಿಟ್ಟಿನಾಗ ಇತ್ತು. ಆಟದ ನಡುವ ಸಾಂತಾಕ್ಲಾಸ್ ವೇಷ ಹಾಕ್ಕೊಂಡು ಮೈದಾನಕ್ಕ ಬಂದ 19 ವರ್ಷದ ಹುಡುಗನ ಮ್ಯಾಲೆ ಎಲ್ಲಾರೂ ಹಿಮದ ಉಂಡಿ ಒಗದ್ರು! ಅತ್ತಿ ಮ್ಯಾಲಿನ ಸಿಟ್ಟು ಕೊತ್ತಿ ಮ್ಯಾಲೆ ಅಂತೀವಲ್ಲಾ, ಅದು. ಇವತ್ತಿಗೂ ಫಿಲಡೆಲ್ಫಿಯಾದವರನ್ನ ಆ ಮಾತಿನಿಂದ ಹಂಗಿಸ್ತಾರ.

ಇಲ್ಲೆ ಲುಕ್ಸಾನ ಆತು ಅನ್ನೋದು ಖರೇ. ಸಿಂಪ್ಸನ್ 1973ರಾಗ ಒಂದೇ ಸೀಸನ್‌ದಾಗ 2003 ಗಜ ಓಡಿ ದಾಖಲೆ ಮಾಡಿದ. ಆದ್ರ ಅವನ್ನ ಪಡ್ಕೊಂಡ ಬಿಲ್ಸ್ ಏನು ಗಳಿಸಿತು? ಅಂವ ಅಲ್ಲಿದ್ದಷ್ಟು ವರ್ಷದೊಳಗ ಪ್ಲೇಆಫ್‌ಗೆ ಹೋದದ್ದು ಒಂದೇ ಸಲ, ಅದೂ ಸೋತ್ರು. ಒಬ್ಬನ ಹೆಗಲ ಮ್ಯಾಲೆ ಸಂಸಾರ ಪೂರಾ ಹೊರಸಲಿಕ್ಕೆ ಆಗಂಗಿಲ್ಲ.

ನಮಗ ಹತ್ತಿರದ ಕಥಿ 2020ರದು. ಕೊರೊನಾ ವರ್ಷ. ನ್ಯೂಯಾರ್ಕ್ ಜೆಟ್ಸ್ ಅನ್ನೋ ಟೀಮಿನ ಮೈದಾನ ಇರೋದು ನ್ಯೂಜೆರ್ಸಿಯೊಳಗ, ನನ್ನ ಮೊಮ್ಮಗ ಅದರ ಭಕ್ತ. ಜೆಟ್ಸ್ ಸಾಲಾಗಿ 13 ಸೋತಿತ್ತು. ಟ್ರೆವರ್ ಲಾರೆನ್ಸ್ ಅನ್ನೋ ಕ್ವಾರ್ಟರ್‌ಬ್ಯಾಕ್ ಸಿಗ್ತಾನ ಅಂತ ಹುಡುಗ ಕುಣೀತಿದ್ದ. (ಕ್ವಾರ್ಟರ್‌ಬ್ಯಾಕ್ ಅಂದ್ರ ಚೆಂಡು ಎಸೆದು ಆಟ ನಡಸಾಂವ, ಅಡಗಿ ಮನ್ಯಾಗ ಹಿರೇ ಸೊಸಿ ಇದ್ದಂಗ.) ಡಿಸೆಂಬರ್ 20ಕ್ಕ ಜೆಟ್ಸ್ 23-20ರಿಂದ ರ್‍ಯಾಮ್ಸ್ ಟೀಮನ್ನ ಸೋಲಿಸಿತು. ವಿಡಿಯೋ ಕಾಲ್‌ನಾಗ ಮೊಮ್ಮಗನ ಮಾರಿ ನೋಡಿ, ಯಾರಿಗೇನಾತೋ ಅಂತ ನನ್ನ ಎದಿ ಧಸಕ್ ಅಂತು. "ಅಜ್ಜಿ, ನಾವು ಗೆದ್ವಿ" ಅಂತ ಅಳೋ ದನಿಯೊಳಗ ಅಂದ. ಮುಂದಿನ ವಾರಾನೂ ಗೆದ್ರು. ಮೊದಲ ಆಟ ಗೆದ್ದು ಆಮ್ಯಾಲೆ 15 ಸೋತ ಜ್ಯಾಕ್ಸನ್‌ವಿಲ್ ಟೀಮಿಗೆ ಲಾರೆನ್ಸ್ ಹೋದ. ಎರಡನೇ ಪಾಳಿಯೊಳಗ ಜೆಟ್ಸ್ ತಗೊಂಡ ಜ್ಯಾಕ್ ವಿಲ್ಸನ್ ನಿಲ್ಲಲಿಲ್ಲ, 2024ರಾಗ ಬ್ಯಾರೆ ಟೀಮಿಗೆ ಕೊಟ್ಟು ಕೈ ತೊಳಕೊಂಡ್ರು.

ಹಂಗಾದ್ರ ಗೆದ್ದದ್ದು ತಪ್ಪಾತೇನು? ಆ ಟೀಮಿನಾಗ ಫ್ರ್ಯಾಂಕ್ ಗೋರ್ ಅಂತ 37 ವರ್ಷದ ಆಟಗಾರ ಇದ್ದ, ಅದು ಅವನ 16ನೇ ಸೀಸನ್. ಒಂದೂ ಗೆಲ್ಲದ ಟೀಮಿನಾಂವ ಅನ್ನಿಸ್ಕೊಂಡು ಆಟ ಮುಗಿಸೋ ಮನಸ್ಸು ಅವನಿಗಿರಲಿಲ್ಲ. ವಿಚಾರ ಮಾಡ್ರಿ, ಮುಂದಿನ ವರ್ಷ ಬರೋ ಹುಡುಗನ ಸಲುವಾಗಿ ಈ ವರ್ಷದಾಂವ ಯಾಕ ಸೋಲಬೇಕು? ಬರಾಂವ ಇವನ ಜಾಗಾಕ್ಕೇ ಬರೋದು. ಆಟಗಾರನ ಕರಾರು ಸಣ್ಣದು, ಮೈ ಮುರಿಯೋ ಆಟ, ಕಡೀ ವಾರದ ಆಟ ನೋಡೇ ಇನ್ನೊಬ್ಬರು ಕರೀತಾರ. ಪಾಳಿ ಲೆಕ್ಕ ಮಾಲಕರದು, ಅಭಿಮಾನಿಗಳದು. ಮೈದಾನದಾಗ ಪೆಟ್ಟು ತಿನ್ನಾಂವ ಬ್ಯಾರೆ.

ಬೇಕಂತ ಸೋತಂಗ ಕಂಡವರ ಕಥೀನೂ ಅದ. ಅದೇ ಸೀಸನ್ನಿನ ಕಡೀ ಆಟ, 2021ರ ಜನವರಿ 3ಕ್ಕ, ವಾಷಿಂಗ್ಟನ್ ವಿರುದ್ಧ ಮೂರೇ ಅಂಕದ ಹಿಂದ ಇದ್ದಾಗ ಈಗಲ್ಸ್ ಕೋಚ್ ಡಗ್ ಪೀಡರ್ಸನ್ ತನ್ನ ಮುಖ್ಯ ಕ್ವಾರ್ಟರ್‌ಬ್ಯಾಕ್‌ನ್ನ ಕೂಡಿಸಿ, ಮೂರನೇ ನಂಬರಿನವನ್ನ ಇಳಿಸಿದ. ಸೋತ್ರು. ಪಾಳಿ 9ರಿಂದ 6ಕ್ಕ ಬಂತು. ಆದ್ರ ಸ್ವಂತ ಆಟಗಾರರೇ ಸಿಟ್ಟಾದ್ರು, ಒಂದು ವಾರಕ್ಕ ಕೋಚ್‌ನ ಕೆಲಸ ಹೋತು.

ಇನ್ನ ಹ್ಯೂಸ್ಟನ್ ಟೆಕ್ಸನ್ಸ್ ಕಥಿ ಕೇಳ್ರಿ. 2023ರ ಜನವರಿ 8ಕ್ಕ ಕಡೀ ಆಟ. ಸೋತ್ರ ಮೊದಲ ಪಾಳಿ ಅವರದು. ಒಂದು ನಿಮಿಷಾನೂ ಉಳಿದಿಲ್ಲ ಅನ್ನೋವಾಗ ಅಂಕ ಗಳಿಸಿ 32-31ರಿಂದ ಗೆದ್ದುಬಿಟ್ರು! ಮೊದಲ ಪಾಳಿ ಷಿಕಾಗೋ ಬೇರ್ಸ್‌ಗೆ ಹೋತು, ಹ್ಯೂಸ್ಟನ್ ಕೋಚ್‌ನ್ನ ಆವತ್ತೇ ತಗದ್ರು. ಬೇರ್ಸ್ ಆ ಪಾಳೀನ ಕ್ಯಾರೊಲಿನಾ ಟೀಮಿಗೆ ಕೊಟ್ಟು, ಬದಲಿಗೆ ಒಬ್ಬ ಒಳ್ಳೆ ಆಟಗಾರನ್ನೂ ಮುಂದಿನ ವರ್ಷಗಳ ಪಾಳಿಗಳನ್ನೂ ಇಸಗೊಂಡ್ರು. ಕ್ಯಾರೊಲಿನಾ ಬ್ರೈಸ್ ಯಂಗ್‌ನ್ನ ಆರಿಸಿ, ಮರು ಸೀಸನ್‌ದಾಗ 17ರಾಗ 2 ಗೆದ್ದಿತು. ಎರಡನೇ ಪಾಳೀಗೆ ಇಳಿದ ಹ್ಯೂಸ್ಟನ್‌ಗೆ ಸಿಕ್ಕಾಂವ ಸಿ.ಜೆ. ಸ್ಟ್ರೌಡ್. ಅಂವ ಮೊದಲ ವರ್ಷಾನ ಹೊಸಬರೊಳಗಿನ ದೊಡ್ಡ ಪ್ರಶಸ್ತಿ ಗೆದ್ದು, ಟೀಮನ್ನ ಪ್ಲೇಆಫ್‌ಗೆ ಒಯ್ದ.

ನನ್ನ ಲೆಕ್ಕ ಇಷ್ಟು. ಕಡೀಕ ಗೆದ್ರ ಪಾಳಿ ಹಿಂದ ಹೋಗ್ತದ, ಅದು ಸುಳ್ಳಲ್ಲ. ಪಾಳೀಗೆ ಬೆಲೀನೂ ಅದ, ಇಲ್ಲಂದ್ರ ಕ್ಯಾರೊಲಿನಾದವರು ಅಷ್ಟು ಕೊಡ್ತಿರಲಿಲ್ಲ. ಆದ್ರ ಪಾಳಿ ಅಂದ್ರ ಆರಿಸೋ ಹಕ್ಕು ಅಷ್ಟ. ಆರಿಸೋ ಕಣ್ಣು, ಬಂದ ಹುಡುಗನ್ನ ಸಾಕೋ ಮನಿ ಬ್ಯಾರೆ ಬೇಕು. 2008ರಾಗ 16ಕ್ಕ 16 ಸೋತ ಡೆಟ್ರಾಯಿಟ್‌ಗೆ ಮೊದಲ ಪಾಳಿಯೊಳಗ ಮ್ಯಾಥ್ಯೂ ಸ್ಟ್ಯಾಫರ್ಡ್ ಸಿಕ್ಕ. 12 ವರ್ಷ ಅಲ್ಲೆ ಆಡಿದ, ಒಂದು ಪ್ಲೇಆಫ್ ಆಟಾನೂ ಗೆಲ್ಲಲಿಲ್ಲ. ಬ್ಯಾರೆ ಟೀಮಿಗೆ ಹೋದ ಮೊದಲ ಸೀಸನ್ನಿಗೇ ಸೂಪರ್ ಬೌಲ್ ಗೆದ್ದ. ಅದೇ ಟಾಮ್ ಬ್ರೇಡಿ 2000ದಾಗ 199ನೇ ಪಾಳಿಯೊಳಗ ಸಿಕ್ಕಾಂವ, 7 ಸೂಪರ್ ಬೌಲ್ ಗೆದ್ದ.

ಬರೋ ಡಿಸೆಂಬರ್‌ದಾಗ ಮಕ್ಕಳ ಮನ್ಯಾಗ ಇರೋವರು ಟಿವಿ ನೋಡ್ರಿ. ತಳದಾಗಿನ ಎರಡು ಟೀಮ್ ಆಡಲಿಕ್ಕೆ ಹತ್ತಿದ್ರ, ಗೆದ್ದ ಮ್ಯಾಲೆ ಆಟಗಾರರ ಮಾರಿ ನೋಡ್ರಿ, ಆಮ್ಯಾಲೆ ಸೋಫಾದ ಮ್ಯಾಲೆ ಕೂತವರ ಮಾರಿ ನೋಡ್ರಿ. ನೀವು ಯಾರ ಕಡೆ ಅಂತ ನನಗೂ ತಿಳಸ್ರಿ.