ಸಮುದಾಯದ ಕಾಲೇಜು: ಕಟ್ಟಿದವರು ಮತ್ತು ಉಳಿಸಿದವರು

ಕಳೆದ ತಿಂಗಳು ಜುಮಾ ನಮಾಝ್ ಮುಗಿಸಿ ಹೊರಗೆ ಬಂದಾಗ ವುಝೂಖಾನೆಯ ಪಕ್ಕ ಒಬ್ಬ ಯುವಕರು ನಮಗಾಗಿ ಕಾದು ನಿಂತಿದ್ದರು. ಸಮುದಾಯದವರೇ ನಡೆಸುವ ಒಂದು ಕಾಲೇಜಿನಲ್ಲಿ ವಾಣಿಜ್ಯ ವಿಷಯ ಕಲಿಸುವವರು. “ಹಜ್ರತ್, ನಾಲ್ಕು ತಿಂಗಳಿಂದ ಸಂಬಳ ಆಗಿಲ್ಲ. ದೂರು ಹೇಳಲು ಬಂದಿಲ್ಲ. ದುಆ ಮಾಡಿ, ಅಷ್ಟೇ” ಎಂದರು. ನಾವು ದುಆ ಮಾಡಿದೆವು. ಆದರೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಏಕೆಂದರೆ ಅದಕ್ಕೆ ಅರ್ಧ ಗಂಟೆ ಮೊದಲು, ಅದೇ ಕಾಲೇಜಿನ ಹೊಸ ಸಭಾಂಗಣಕ್ಕೆ ನಾವೇ ಮಿಂಬರಿನ ಮೇಲಿಂದ ಚಂದಾ ಕೇಳಿದ್ದೆವು. ಸಿಮೆಂಟಿನ ಲೆಕ್ಕ ಹೇಳಿದೆವು, ಕಬ್ಬಿಣದ ಲೆಕ್ಕ ಹೇಳಿದೆವು. ಆ ಕಟ್ಟಡದೊಳಗೆ ನಿಂತು ಪಾಠ ಮಾಡುವವರ ಮನೆಯ ಲೆಕ್ಕ ನಮ್ಮ ನಾಲಿಗೆಗೆ ಬರಲೇ ಇಲ್ಲ.

ನಮ್ಮ ಹಿಂದಿನವರು ವಿದ್ಯೆಯ ಮನೆಗಳನ್ನು ಹೇಗೆ ನಡೆಸಿದರು? ಅಲ್ಲಿ ಕಲಿಸಿದವರು, ಕಲಿತವರು ಏನು ತಿಂದು ಬದುಕಿದರು? ಈ ಪ್ರಶ್ನೆಯನ್ನು ಹಿಡಿದು ಈ ಸಲ ಇತಿಹಾಸದ ಮೂರು ಪುಟಗಳನ್ನು ಓದುಗರ ಮುಂದೆ ಇಡುತ್ತಿದ್ದೇವೆ.

ಕಂಬಕ್ಕೆ ಕಟ್ಟಿದ ಖರ್ಜೂರ

ಮೊದಲ ಪುಟ ಮದೀನಾದ್ದು. ಹಿಜ್ರತ್ ನಂತರ ಪ್ರವಾದಿ(ಸ)ರವರ ಮಸೀದಿಯ ಒಂದು ಭಾಗದಲ್ಲಿ ನೆರಳಿಗಾಗಿ ಚಪ್ಪರ ಹಾಕಿದ ಜಾಗವಿತ್ತು. ಅದೇ ಸುಫ್ಫಾ. ಮನೆಯಿಲ್ಲದ, ಗಳಿಕೆಯಿಲ್ಲದ ಸಹಾಬಿಗಳು ಅಲ್ಲಿದ್ದು ಕುರ್‌ಆನ್ ಕಲಿಯುತ್ತಿದ್ದರು. ಅತ್ಯಂತ ಹೆಚ್ಚು ಹದೀಸ್‌ಗಳನ್ನು ನಮಗೆ ತಲುಪಿಸಿದ ಹಝ್ರತ್ ಅಬೂ ಹುರೈರಾ(ರ) ಅಲ್ಲಿಯ ವಿದ್ಯಾರ್ಥಿಯೇ. ಹಸಿವಿನಿಂದ ಹೊಟ್ಟೆಗೆ ಕಲ್ಲು ಕಟ್ಟಿಕೊಂಡ ದಿನಗಳನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಮನೆಯಲ್ಲಿ ಇಬ್ಬರ ಊಟವಿದ್ದವರು ಸುಫ್ಫಾದಿಂದ ಮೂರನೆಯವರನ್ನು ಕರೆದುಕೊಂಡು ಹೋಗಲಿ ಎಂದು ಪ್ರವಾದಿ(ಸ) ಹೇಳುತ್ತಿದ್ದರು.

ಅನ್ಸಾರರು ತಮ್ಮ ತೋಟದ ಖರ್ಜೂರದ ಗೊನೆಗಳನ್ನು ತಂದು ಮಸೀದಿಯ ಕಂಬಗಳ ನಡುವಿನ ಹಗ್ಗಕ್ಕೆ ತೂಗುಹಾಕುತ್ತಿದ್ದರು. ಹಸಿದವರು ಬಂದು ಉದುರಿಸಿಕೊಂಡು ತಿನ್ನುತ್ತಿದ್ದರು. ಆದರೆ ಕೆಲವರು ಒಣಗಿದ, ಹಾಳಾದ ಗೊನೆಗಳನ್ನು ತಂದು ತೂಗುಹಾಕತೊಡಗಿದರು. ಆಗ ಅಲ್‌ಬಕರಾ ಅಧ್ಯಾಯದ 267ನೇ ವಚನ ಅವತೀರ್ಣವಾಯಿತು ಎಂದು ಹಝ್ರತ್ ಬರಾ ಇಬ್ನ್ ಆಝಿಬ್(ರ) ತಿಳಿಸುತ್ತಾರೆ. ನಿಮಗೇ ಯಾರಾದರೂ ಕೊಟ್ಟರೆ ಕಣ್ಣು ಮುಚ್ಚಿಕೊಂಡಲ್ಲದೆ ತೆಗೆದುಕೊಳ್ಳಲಾರದಂಥ ವಸ್ತುವನ್ನು ಅಲ್ಲಾಹನ ಮಾರ್ಗದಲ್ಲಿ ಕೊಡಬೇಡಿ ಎಂಬುದು ಅದರ ಆಶಯ. ವಿದ್ಯಾರ್ಥಿಗಳಿಗೆ ಏನಾದರೂ ಕೊಟ್ಟರೆ ಸಾಕು ಎಂಬ ಭಾವನೆಯನ್ನು ಅಲ್ಲಾಹನು ಆ ಮೊದಲ ಪೀಳಿಗೆಯಲ್ಲೇ ತಿದ್ದಿದನು.

ಬೀದರಿನ ಮದ್ರಸಾ

ಎರಡನೇ ಪುಟ ನಮ್ಮ ನಾಡಿನದೇ. ಬೀದರಿಗೆ ಹೋದವರು ಚೌಬಾರಾದಿಂದ ಕೋಟೆಯ ಕಡೆ ನಡೆಯುವಾಗ, ನೀಲಿ ಹೆಂಚಿನ ಕೆಲಸ ಇನ್ನೂ ಅಲ್ಲಲ್ಲಿ ಉಳಿದಿರುವ ಒಂಟಿ ಮಿನಾರಿನ ದೊಡ್ಡ ಕಟ್ಟಡವನ್ನು ನೋಡಿರುತ್ತಾರೆ. ಇರಾನಿನ ಗೀಲಾನ್‌ನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಖ್ವಾಜಾ ಮಹಮೂದ್ ಗವಾನ್ ಅದನ್ನು 1472ರಲ್ಲಿ ಕಟ್ಟಿಸಿದರು. ಮೂರು ಅಂತಸ್ತು, ನಡುವೆ ವಿಶಾಲ ಅಂಗಳ. ಪಾಠದ ಹಜಾರಗಳು, ಮಸೀದಿ, ಸುಮಾರು ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಾಲಯ ಎಲ್ಲವೂ ಅದರೊಳಗೆ ಇದ್ದವು.

ಪ್ರವಾಸಿಗರು ಮಿನಾರಿನ ಫೋಟೋ ತೆಗೆದುಕೊಂಡು ಬರುತ್ತಾರೆ. ನಾವು ನೋಡಬೇಕಾದದ್ದು ಒಳಗಿನ ಕೋಣೆಗಳನ್ನು. ವಿದ್ಯಾರ್ಥಿಗಳು ಇರಲು ಸಾಲು ಕೋಣೆಗಳು, ಉಸ್ತಾದರಿಗೆ ಪ್ರತ್ಯೇಕ ಕೋಣೆಗಳು, ಎಲ್ಲಕ್ಕೂ ಗಾಳಿ ಬೆಳಕು. ಕಲಿಸುವವರೂ ಕಲಿಯುವವರೂ ಅಲ್ಲಿಯೇ ಇದ್ದರು. ಅವರ ಊಟ ವಸತಿಯ ಭಾರ ಸಂಸ್ಥೆಯದಾಗಿತ್ತು. ಗವಾನ್ ದೂರದೂರದ ವಿದ್ವಾಂಸರಿಗೆ ಪತ್ರ ಬರೆದು ಕರೆಸಿಕೊಳ್ಳಲು ನೋಡಿದರು. ಹೆರಾತಿನ ಮೌಲಾನಾ ಜಾಮಿಯವರನ್ನೂ ಕರೆದರು. ಜಾಮಿ ಬರಲಿಲ್ಲ, ಆದರೆ ಪತ್ರದ ನಂಟು ಮುಂದುವರಿಯಿತು. ಅಷ್ಟು ದೊಡ್ಡ ಅಧಿಕಾರದಲ್ಲಿದ್ದರೂ ಗವಾನ್ ತನ್ನ ಊಟದ ಖರ್ಚನ್ನು ತನ್ನ ವ್ಯಾಪಾರದ ಲಾಭದಿಂದಲೇ ನಡೆಸುತ್ತಿದ್ದರೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ.

1481ರಲ್ಲಿ ವೈರಿಗಳು ನಕಲಿ ಪತ್ರವೊಂದನ್ನು ಸೃಷ್ಟಿಸಿದರು. ಅದನ್ನು ನಂಬಿದ ಸುಲ್ತಾನ್ ಗವಾನರನ್ನು ಕೊಲ್ಲಿಸಿದ. ಬಹಮನಿ ರಾಜ್ಯವೂ ಆಮೇಲೆ ಒಡೆದು ಐದು ಪಾಲಾಯಿತು. ಹದಿನೇಳನೇ ಶತಮಾನದ ಕೊನೆಗೆ ಬರುವಾಗ ಮದ್ರಸಾದ ಕೋಣೆಗಳಲ್ಲಿ ಸೈನಿಕರ ಮದ್ದು ತುಂಬಿಟ್ಟಿದ್ದರು. ಅದು ಸಿಡಿದು ಕಟ್ಟಡದ ಒಂದು ಭಾಗ, ಒಂದು ಮಿನಾರು ಕುಸಿದವು. ಒಬ್ಬ ಪುಣ್ಯಾತ್ಮನ ಕೈ ಎಷ್ಟೇ ದೊಡ್ಡದಿರಲಿ, ಅವನ ಆಯುಷ್ಯಕ್ಕೆ ಕೊನೆಯುಂಟು. ಸುಲ್ತಾನರೂ ವಝೀರರೂ ಇಲ್ಲದ ಕಾಲದಲ್ಲಿ ಬಡ ಸಮುದಾಯವೊಂದು ಕಾಲೇಜನ್ನು ಉಳಿಸಿಕೊಳ್ಳಬಲ್ಲುದೇ? ಇದಕ್ಕೆ ಉತ್ತರ ಸಿಗುವುದು ಗವಾನರಿಗಿಂತ ನಾಲ್ಕೂವರೆ ಶತಮಾನ ಈಚೆಗೆ, ದಿಲ್ಲಿಯಲ್ಲಿ.

ಜಾಮಿಯಾದ ಬಡತನದ ದಿನಗಳು

ಖಿಲಾಫತ್ ಮತ್ತು ಅಸಹಕಾರ ಚಳವಳಿಯ ಕಾಲ. ಬ್ರಿಟಿಷ್ ಸರಕಾರದ ಹಣ ಪಡೆಯುವ ಕಾಲೇಜು ಬೇಡ ಎಂದು ಅಲಿಘರ್‌ನ ಕೆಲವು ಅಧ್ಯಾಪಕರು, ವಿದ್ಯಾರ್ಥಿಗಳು ಹೊರಗೆ ಬಂದರು. 1920ರ ಅಕ್ಟೋಬರ್ 29ರಂದು, ಅದೂ ಶುಕ್ರವಾರವೇ, ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಅಲ್ಲಿ ಹುಟ್ಟಿತು. ಮಾಲ್ಟಾದ ಸೆರೆಯಿಂದ ಬಿಡುಗಡೆಯಾಗಿ ಬಂದಿದ್ದ ಶೈಖುಲ್ ಹಿಂದ್ ಮೌಲಾನಾ ಮಹಮೂದ್ ಹಸನ್ ಕಾಯಿಲೆಯಲ್ಲೇ ಬಂದು ಅದಕ್ಕೆ ಬುನಾದಿ ಹಾಕಿದರು. ಒಂದು ತಿಂಗಳಲ್ಲಿ ಅವರು ತೀರಿಕೊಂಡರು. ಹಕೀಂ ಅಜ್ಮಲ್ ಖಾನ್ ಕುಲಪತಿಯಾದರು, ಮೌಲಾನಾ ಮುಹಮ್ಮದ್ ಅಲಿ ಜೌಹರ್ ಮೊದಲ ಉಪಕುಲಪತಿ.

ಆರಂಭದಲ್ಲಿ ಹಣ ಖಿಲಾಫತ್ ಸಮಿತಿಯಿಂದ ಬರುತ್ತಿತ್ತು. 1924ರಲ್ಲಿ ತುರ್ಕಿಯವರೇ ಖಿಲಾಫತ್ ರದ್ದು ಮಾಡಿದರು. ಚಳವಳಿ ನಿಂತಿತು, ಹಣವೂ ನಿಂತಿತು. ಜಾಮಿಯಾ ಮುಚ್ಚುವುದೇ ಸರಿ ಎಂದು ದೊಡ್ಡವರೇ ಮಾತಾಡತೊಡಗಿದರು. ಹಕೀಂ ಸಾಹೇಬರು ಒಪ್ಪಲಿಲ್ಲ. ಭಿಕ್ಷೆ ಬೇಡಿಯಾದರೂ ನಡೆಸೋಣ ಎಂದು ಗಾಂಧೀಜಿ ಧೈರ್ಯ ಹೇಳಿದರು. 1925ರಲ್ಲಿ ಸಂಸ್ಥೆ ದಿಲ್ಲಿಯ ಕರೋಲ್‌ಬಾಗ್‌ಗೆ ಬಂತು. ಹಕೀಂ ಸಾಹೇಬರು ತಮ್ಮ ವೈದ್ಯಕೀಯದ ಗಳಿಕೆಯಿಂದ ಖರ್ಚು ತುಂಬುತ್ತಿದ್ದರು. ಜರ್ಮನಿಯಲ್ಲಿ ಓದುತ್ತಿದ್ದ ಝಾಕಿರ್ ಹುಸೇನ್, ಆಬಿದ್ ಹುಸೇನ್, ಮುಹಮ್ಮದ್ ಮುಜೀಬ್ ಎಂಬ ಮೂವರು ಯುವಕರು, ಜಾಮಿಯಾ ಮುಚ್ಚಬೇಡಿ, ನಾವು ಬಂದು ಸೇವೆ ಮಾಡುತ್ತೇವೆ ಎಂದು ತಿಳಿಸಿ 1926ರಲ್ಲಿ ಬಂದು ಸೇರಿದರು. ಇಪ್ಪತ್ತೊಂಬತ್ತರ ಹರೆಯದ ಝಾಕಿರ್ ಸಾಹೇಬರು ಉಪಕುಲಪತಿಯಾದರು.

1927ರ ಡಿಸೆಂಬರ್‌ನಲ್ಲಿ ಹಕೀಂ ಅಜ್ಮಲ್ ಖಾನ್ ವಫಾತ್ ಆದರು. ಬೀದರಿನಲ್ಲಿ ಗವಾನರ ಮರಣದಂತೆ ಇಲ್ಲಿಯೂ ಆಸರೆಯ ಕಂಬ ಮುರಿಯಿತು. ಆದರೆ ಇಲ್ಲಿ ಅಧ್ಯಾಪಕರೇ ಮುಂದೆ ಬಂದರು. 1928ರಲ್ಲಿ ಅಂಜುಮನೆ ತಾಲೀಮೆ ಮಿಲ್ಲಿ ಎಂಬ ಸಂಘ ಮಾಡಿಕೊಂಡು ಪ್ರತಿಜ್ಞೆ ಮಾಡಿದರು: ಇಪ್ಪತ್ತು ವರ್ಷ ಜಾಮಿಯಾದಲ್ಲೇ ದುಡಿಯುತ್ತೇವೆ, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಕೇಳುವುದಿಲ್ಲ. ಅದು ಮೇಲಿನ ಮಿತಿ ಮಾತ್ರ. ಕೈಗೆ ಬರುತ್ತಿದ್ದದ್ದು ಅದಕ್ಕಿಂತ ಕಡಿಮೆ. ಎಷ್ಟೋ ತಿಂಗಳು ಅದೂ ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ.

ಇನ್ನೊಂದು ಕಡೆ ಹಮ್‌ದರ್ದಾನೆ ಜಾಮಿಯಾ, ಅಂದರೆ ಜಾಮಿಯಾದ ಹಿತೈಷಿಗಳು ಎಂಬ ಯೋಜನೆ ಶುರುವಾಯಿತು. ಶಫೀಕುರ್ರಹಮಾನ್ ಕಿದ್ವಾಯಿಯವರು ಅದರ ಹೊಣೆ ಹೊತ್ತರು. ನವಾಬರ ದೊಡ್ಡ ಥೈಲಿಗಾಗಿ ಕಾಯದೆ ಸಾಮಾನ್ಯ ಜನರಿಂದ ಸಣ್ಣ ಸಣ್ಣ ಮೊತ್ತವನ್ನು ತಪ್ಪದೆ ಸಂಗ್ರಹಿಸುವ ದಾರಿ ಅದು. ಈ ಪುಡಿಗಾಸು ಮತ್ತು ಅಧ್ಯಾಪಕರ ಸಹನೆ, ಇವೆರಡರ ಮೇಲೆ ಜಾಮಿಯಾ ನಿಂತಿತು.

ಗೆರ್ಡಾ ಫಿಲಿಪ್ಸ್‌ಬೋರ್ನ್ ಎಂಬ ಜರ್ಮನಿಯ ಯಹೂದಿ ಮಹಿಳೆಯ ಹೆಸರನ್ನೂ ಇಲ್ಲಿ ನೆನೆಯಬೇಕು. ಬರ್ಲಿನ್‌ನಲ್ಲಿ ಝಾಕಿರ್ ಸಾಹೇಬರ ಪರಿಚಯವಿದ್ದ ಅವರು ತಮ್ಮ ದೇಶ ಬಿಟ್ಟು ಜಾಮಿಯಾಗೆ ಬಂದು ಸಣ್ಣ ಮಕ್ಕಳ ಪಾಲನೆ, ಪಾಠ ನೋಡಿಕೊಂಡರು. ಮಕ್ಕಳು ಅವರನ್ನು ಆಪಾ ಜಾನ್ ಎಂದು ಕರೆಯುತ್ತಿದ್ದರು. 1943ರಲ್ಲಿ ತೀರಿಕೊಂಡಾಗ ಅವರನ್ನು ಜಾಮಿಯಾದ ಕಬರ್‌ಸ್ತಾನದಲ್ಲೇ ದಫನ್ ಮಾಡಿದರು. ಮನೆ ಬಿಟ್ಟು ದೂರ ಬಂದ ಮಗುವಿಗೆ ಪಾಠದಷ್ಟೇ ತಾಯಿಯಂಥ ಒಂದು ಕೈ ಬೇಕೆಂಬುದನ್ನು ಆ ಸಂಸ್ಥೆ ಅರಿತಿತ್ತು.

1935ರ ಮಾರ್ಚ್ 1ರಂದು ಓಖ್ಲಾದಲ್ಲಿ ಸ್ವಂತ ಕಟ್ಟಡಕ್ಕೆ ಶಂಕುಸ್ಥಾಪನೆ ಆಯಿತು. ವೇದಿಕೆಯ ತುಂಬ ಗಣ್ಯರಿದ್ದರೂ ಕಲ್ಲು ಇಟ್ಟವನು ಜಾಮಿಯಾದ ಅತಿ ಚಿಕ್ಕ ವಿದ್ಯಾರ್ಥಿ, ಅಬ್ದುಲ್ ಅಝೀಝ್ ಎಂಬ ಬಾಲಕ. ಗಮನಿಸಿ: ಸಂಸ್ಥೆ ಹುಟ್ಟಿ ಹದಿನಾಲ್ಕು ವರ್ಷಗಳ ನಂತರ ಕಟ್ಟಡದ ಕಲ್ಲು. ಅಲ್ಲಿಯವರೆಗೆ ಡೇರೆ, ಬಾಡಿಗೆ ಮನೆ. ಮುಂದೆ 1962ರಲ್ಲಿ ವಿಶ್ವವಿದ್ಯಾಲಯಕ್ಕೆ ಸಮಾನವಾದ ಮಾನ್ಯತೆ, 1988ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು. ಕಡಿಮೆ ಸಂಬಳಕ್ಕೆ ದುಡಿದ ಝಾಕಿರ್ ಸಾಹೇಬರು 1967ರಲ್ಲಿ ದೇಶದ ರಾಷ್ಟ್ರಪತಿಯಾದರು. ಎರಡು ವರ್ಷಗಳ ನಂತರ ಅದೇ ಜಾಮಿಯಾದ ಮಣ್ಣಿಗೆ ಮರಳಿದರು.

ತ್ಯಾಗ ಯಾರದ್ದು?

ಸಹೋದರರೇ, ಈ ಕಥೆಯನ್ನು ತಪ್ಪಾಗಿ ಓದುವ ಅಪಾಯವೂ ಇದೆ. “ನೋಡಿ, ಜಾಮಿಯಾದ ಅಧ್ಯಾಪಕರು ಕಡಿಮೆ ಸಂಬಳಕ್ಕೆ ದುಡಿಯಲಿಲ್ಲವೇ? ನೀವೂ ಇದನ್ನು ಕೌಮಿನ ಸೇವೆ ಎಂದು ತಿಳಿಯಿರಿ” ಎಂದು ಆಡಳಿತ ಸಮಿತಿಯಲ್ಲಿ ಕುಳಿತವರು ಹೇಳುವುದನ್ನು ನಾವು ಕೇಳಿದ್ದೇವೆ. ಆದರೆ ಆ ಪ್ರತಿಜ್ಞೆ ಅಧ್ಯಾಪಕರೇ ಮಾಡಿಕೊಂಡದ್ದು. ಸಂಸ್ಥೆ ನಡೆಸುವ ಉಪಕುಲಪತಿ ಸ್ವತಃ ಅದರಲ್ಲಿ ಮೊದಲಿಗರು. ತ್ಯಾಗವನ್ನು ತಾನು ಮಾಡಬಹುದು, ಇನ್ನೊಬ್ಬನ ಹೆಂಡತಿ ಮಕ್ಕಳ ಪಾಲಿನಿಂದ ಮಾಡಿಸುವಂತಿಲ್ಲ. ದುಡಿದವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದು ಕಲಿಸಿದ ಪ್ರವಾದಿ(ಸ)ರ ಉಮ್ಮತ್ ನಾವು. ಕಟ್ಟಡದ ಗುತ್ತಿಗೆದಾರರಿಗೆ ಹಣ ತಡವಾದರೆ ಅವರು ಕೆಲಸ ನಿಲ್ಲಿಸುತ್ತಾರೆಂಬ ಭಯ ನಮಗಿದೆ. ಅಧ್ಯಾಪಕರು ಪಾಠ ನಿಲ್ಲಿಸುವುದಿಲ್ಲ ಎಂಬ ಧೈರ್ಯವೂ ಇದೆ. ಈ ಧೈರ್ಯವೇ ಝುಲ್ಮ್.

ಇಲ್ಲಿ ಒಂದು ಮಸ್‌ಅಲಾ ತಿಳಿದಿರಬೇಕು. ಹನಫೀ ಉಲಮಾಗಳ ಪ್ರಕಾರ ಝಕಾತ್ ಹಣವನ್ನು ಅರ್ಹ ಬಡವರ ಕೈಗೇ ಒಡೆತನ ಸಹಿತ ಕೊಡಬೇಕು. ಆದ್ದರಿಂದ ಬಡ ವಿದ್ಯಾರ್ಥಿಗೆ ಶುಲ್ಕಕ್ಕೆ, ಪುಸ್ತಕಕ್ಕೆ, ಊಟಕ್ಕೆ ಝಕಾತ್ ಕೊಡಬಹುದು. ಕಟ್ಟಡಕ್ಕಾಗಲಿ ಸಂಬಳಕ್ಕಾಗಲಿ ಅದನ್ನು ಬಳಸುವಂತಿಲ್ಲ. ಅಂದರೆ ಅಧ್ಯಾಪಕರ ಸಂಬಳ ಬರಬೇಕಾದದ್ದು ಲಿಲ್ಲಾಹ್ ದೇಣಿಗೆಯಿಂದ, ವಕ್ಫ್ ಆಸ್ತಿಯ ಬಾಡಿಗೆಯಿಂದ. ರಮಝಾನಿನಲ್ಲಿ ಝಕಾತ್ ಕೊಟ್ಟು ಕೈ ತೊಳೆದುಕೊಂಡವರು ವರ್ಷವಿಡೀ ಕಲಿಸುವವರನ್ನು ಮರೆತೇ ಬಿಡುತ್ತೇವೆ.

ನಾವು ಮದ್ರಸಾದಲ್ಲಿ ಕಲಿಯುವಾಗ ತಿಂದ ಅನ್ನ ಹಿಡಿ ಅಕ್ಕಿಯದು. ಮಹಲ್ಲಾದ ಹೆಂಗಸರು ದಿನಾ ಒಲೆ ಹಚ್ಚುವ ಮೊದಲು ಒಂದು ಹಿಡಿ ಅಕ್ಕಿ ಡಬ್ಬಿಗೆ ಹಾಕಿಡುತ್ತಿದ್ದರು. ತಿಂಗಳಿಗೊಮ್ಮೆ ನಾವು ಹುಡುಗರು ಚೀಲ ಹಿಡಿದು ಮನೆ ಮನೆಗೆ ಹೋಗುತ್ತಿದ್ದೆವು. ಬಿ.ಎ. ಪರೀಕ್ಷೆಯ ಶುಲ್ಕ ಕಟ್ಟಿದ್ದೂ ಹೆಸರು ಹೇಳಬೇಡ ಎಂದ ಒಬ್ಬ ಅಂಗಡಿಯವರು. ಅವರಲ್ಲಿ ಯಾರ ಹೆಸರೂ ಯಾವ ಕಲ್ಲಿನ ಮೇಲೂ ಇಲ್ಲ. ಇಂದು ನಾವು ಮಿಂಬರಿನ ಮೇಲೆ ನಿಂತಿರುವುದು ಅವರಿಂದ.

ಈ ತಿಂಗಳ ಮೊದಲ ಜುಮಾದಲ್ಲಿ ಸಂಬಳಕ್ಕೆಂದೇ ಚಂದಾ ಕೇಳಿದೆವು. ಸಭಾಂಗಣಕ್ಕೆ ಬಂದದ್ದರ ಅರ್ಧವೂ ಬರಲಿಲ್ಲ. ಹಿರಿಯರೊಬ್ಬರು ಪಕ್ಕಕ್ಕೆ ಕರೆದು, “ಹಜ್ರತ್, ಕೋಣೆ ಕಟ್ಟಿಸಿದರೆ ಹೆಸರು ಬರೆಸುತ್ತೀರಿ. ಸಂಬಳಕ್ಕೆ ಕೊಟ್ಟರೆ ಹೆಸರು ಎಲ್ಲಿ ಬರೆಸುತ್ತೀರಿ?” ಎಂದು ನಗುತ್ತಾ ಕೇಳಿದರು. “ಬರೆಯುವ ಇಬ್ಬರು ಫರಿಶ್ತೆಗಳು ನಿಮ್ಮ ಹೆಗಲ ಮೇಲೇ ಇದ್ದಾರಲ್ಲ ಚಾಚಾ” ಎಂದೆವು. ಅವರು ನಗು ನಿಲ್ಲಿಸಿದರು. ಮರುದಿನ ತಮ್ಮ ಒಂದು ಅಂಗಡಿಯ ಬಾಡಿಗೆಯನ್ನು ಪ್ರತಿ ತಿಂಗಳು ಸಂಬಳದ ಲೆಕ್ಕಕ್ಕೆ ಕೊಡುವುದಾಗಿ ಹೇಳಿ ಕಳಿಸಿದರು. ಆ ಯುವಕರಿಗೆ ಈಗ ಒಂದು ತಿಂಗಳ ಸಂಬಳ ಸಿಕ್ಕಿದೆ. ಮೂರು ತಿಂಗಳದ್ದು ಬಾಕಿ ಇದೆ. ಆ ಬಾಕಿ ಕಾಲೇಜಿನದಷ್ಟೇ ಅಲ್ಲ, ಜಮಾಅತಿನ ನಮ್ಮೆಲ್ಲರದೂ ಹೌದು.

ಓದುಗರು ಒಂದು ಕೆಲಸ ಮಾಡಿ. ನಿಮ್ಮೂರಿನ ಸಮುದಾಯದ ಕಾಲೇಜಿಗೆ ಹೋದಾಗ ಹೊಸದಾಗಿ ಏನು ಕಟ್ಟಿಸುತ್ತಿದ್ದೀರಿ ಎಂದು ಕೇಳುವ ಮೊದಲು, ಈ ತಿಂಗಳ ಸಂಬಳ ಆಯಿತೇ, ಶುಲ್ಕ ಕಟ್ಟಲಾಗದೆ ಬಿಟ್ಟುಹೋದ ಮಕ್ಕಳೆಷ್ಟು ಎಂದು ಕೇಳಿ. ಕೈಲಾದಷ್ಟನ್ನು ತಿಂಗಳು ತಪ್ಪದೆ ಕೊಡಿ. ಕೊಡುವಾಗ ಒಳ್ಳೆಯ ಗೊನೆಯನ್ನೇ ಕೊಡಿ.

ಕಲಿಸುವವರ ಹಕ್ಕನ್ನು ಹೊತ್ತಿಗೆ ಸರಿಯಾಗಿ ತೀರಿಸುವ, ಕಲಿಯುವ ಮಕ್ಕಳ ಹಸಿವನ್ನು ಅರಿಯುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.