ನಾವು ಡೊಂಬಿವಲಿಗೆ ಬಂದುದಕ್ಕೆ ಆಧಾರವೇನು?

ಕಳೆದ ದೀಪಾವಳಿಯ ರಜೆಯಲ್ಲಿ ನಮ್ಮ ಕಟ್ಟಡದ ಎರಡನೆಯ ಮಾಳಿಗೆಯ ಹುಡುಗಿಯೊಬ್ಬಳು ನೋಟ್‌ಬುಕ್ಕು ಹಿಡಿದುಕೊಂಡು ಮನೆಗೆ ಬಂದಳು. ಬಿ.ಎ. ಎರಡನೆಯ ವರ್ಷದಲ್ಲಿ ಇತಿಹಾಸ ಓದುವವಳು. ಕಾಲೇಜಿನಲ್ಲಿ 'ಆವಿಷ್ಕಾರ'ಕ್ಕಾಗಿ ಒಂದು ಸಂಶೋಧನೆಯನ್ನು ಮಂಡಿಸಬೇಕಾಗಿದೆ, ಕನ್ನಡದವರು ಈ ಕಡೆಗೆ ಬಂದು ನೆಲೆಸಿದ ಬಗೆಯನ್ನು ವಿಷಯವಾಗಿ ತೆಗೆದುಕೊಂಡಿದ್ದೇನೆ ಎಂದಳು. ನನಗೆ ಉತ್ಸಾಹ ಬಂತು. ನಮ್ಮ ತಂದೆಯವರು ಮಂಗಳೂರಿನಿಂದ ಹಡಗು ಹತ್ತಿ ಬಂದುದು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತುದು, ಗಿರಗಾಂವಿನ ಚಾಳಿನ ಖೋಲಿಯನ್ನು ಬಿಟ್ಟು 1972ರಲ್ಲಿ ಡೊಂಬಿವಲಿಗೆ ಮನೆ ಬದಲಾಯಿಸಿದುದು – ಎಲ್ಲವನ್ನೂ ಒಂದು ಗಂಟೆ ಹೇಳಿದೆ. ಅವಳು ತಾಳ್ಮೆಯಿಂದ ಬರೆದುಕೊಂಡು ಕೊನೆಗೆ, "ಅಜ್ಜಾ, ಇದಕ್ಕೆ ಕಾಗದಪತ್ರ ಏನಾದರೂ ಉಂಟಾ? ಸರ್ ಆಧಾರ ಕೇಳ್ತಾರೆ" ಎಂದಳು.

ಇರಲಿಲ್ಲ. ತಂದೆಯವರ ತಗಡಿನ ಟ್ರಂಕಿನಲ್ಲಿ ರಾತ್ರಿ ಶಾಲೆಯ ಸರ್ಟಿಫಿಕೇಟು, ಊರಿನಿಂದ ಬಂದ ಪತ್ರಗಳು, ಖೋಲಿಯ ಬಾಡಿಗೆಯ ರಸೀದಿಗಳು ಎಲ್ಲ ಇದ್ದವು. ಮನೆಗೆ ಬಣ್ಣ ಹೊಡೆಸಿದ ವರ್ಷ ನಾನೇ ಅದನ್ನು ರದ್ದಿಯವನಿಗೆ ತೂಕಕ್ಕೆ ಕೊಟ್ಟೆ. ಎಷ್ಟು ದುಡ್ಡು ಬಂತು ಎಂಬುದೂ ಈಗ ನೆನಪಿಲ್ಲ.

'ಆವಿಷ್ಕಾರ'ದ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ನಮ್ಮಲ್ಲಿ ಅನೇಕರ ಮಕ್ಕಳು ಅದರಲ್ಲಿ ಭಾಗವಹಿಸುತ್ತಿದ್ದರೂ ಹಿರಿಯರಿಗೆ ಅದರ ಪರಿಚಯ ಕಡಿಮೆ. ಮಹಾರಾಷ್ಟ್ರದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗಾಗಿ ಈ ಸಂಶೋಧನ ಸಮ್ಮೇಳನವು 2006ರಲ್ಲಿ ಕುಲಾಧಿಪತಿಗಳ ಕಚೇರಿಯ ಪ್ರೇರಣೆಯಿಂದ ಆರಂಭವಾಯಿತು. ಆಗ ರಾಜ್ಯಪಾಲರೂ ಕುಲಾಧಿಪತಿಗಳೂ ಆಗಿದ್ದವರು ಮದ್ದೂರು ತಾಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಅವರು. ಪದವಿ ತರಗತಿಯ ಹುಡುಗರೂ ಇದರಲ್ಲಿ ಮಂಡಿಸಬಹುದು. ಮೊದಲು ತಮ್ಮ ವಲಯದಲ್ಲಿ ಭಿತ್ತಿಚಿತ್ರದ ಮುಂದೆ ನಿಂತು ಪರೀಕ್ಷಕರ ಪ್ರಶ್ನೆಗಳಿಗೆ ಉತ್ತರ ಹೇಳಬೇಕು, ಗೆದ್ದವರು ಮುಂದಕ್ಕೆ ಹೋಗುತ್ತಾರೆ. ವಿಷಯಗಳ ಆರು ವಿಭಾಗಗಳಲ್ಲಿ ಮಾನವಿಕ ಶಾಸ್ತ್ರ, ಭಾಷೆ ಮತ್ತು ಲಲಿತಕಲೆಗಳದೂ ಒಂದು. ಆದರೂ ಆ ಹುಡುಗಿಯ ತಂದೆ ನನ್ನೆದುರೇ, "ಆರ್ಟ್ಸಿನವರಿಗೆ ಎಂಥ ರಿಸರ್ಚು? ಅದೆಲ್ಲ ಸೈನ್ಸಿನವರಿಗೆ" ಎಂದುಬಿಟ್ಟರು.

ಈ ಮಾತು ಮುಂಬಯಿಯಲ್ಲಿ ಹೇಳಬಾರದ ಮಾತು. ಇಲ್ಲಿಯ ವಿಶ್ವವಿದ್ಯಾಲಯದಲ್ಲಿ 1919ರಲ್ಲಿಯೇ ಪ್ಯಾಟ್ರಿಕ್ ಗೆಡ್ಡಿಸ್ ಅವರ ನೇತೃತ್ವದಲ್ಲಿ ಸಮಾಜಶಾಸ್ತ್ರದ ವಿಭಾಗ ಆರಂಭವಾಯಿತು. ಅವರ ನಂತರ ಜಿ.ಎಸ್. ಘುರ್ಯೆ ಅವರು ಬಂದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪದವಿ ಮುಗಿಸಿದ ಇಪ್ಪತ್ತು ವರ್ಷದ ತರುಣನೊಬ್ಬ 1936ರಲ್ಲಿ ಘುರ್ಯೆಯವರ ಬಳಿ ಕಲಿಯಲು ಬಂದ. ಅವರೇ ಎಂ.ಎನ್. ಶ್ರೀನಿವಾಸ್. ಮುಂಬಯಿಗೆ ಬಂದು ಅವರು ಎಂ.ಎ. ಪದವಿಗಾಗಿ ಏನನ್ನು ಬರೆದರು? ಮೈಸೂರು ಸೀಮೆಯ ಕನ್ನಡ ಜನರ ಮದುವೆ ಮತ್ತು ಕುಟುಂಬದ ಬಗ್ಗೆ! 1942ರಲ್ಲಿ ಅದು ಮುಂಬಯಿಯಲ್ಲಿಯೇ ಪುಸ್ತಕವಾಗಿ ಹೊರಬಂತು. ಧಾರೆ, ಸೋಬಾನೆ, ಬಳುವಳಿ ಎಂದು ನಾವು ದಿನವೂ ಕಾಣುವ ಸಂಗತಿಗಳೇ ಶಾಸ್ತ್ರದ ವಿಷಯವಾಗಬಲ್ಲವು ಎಂದು ಆ ವಯಸ್ಸಿನಲ್ಲಿ ತಿಳಿದುದು ಸಣ್ಣ ಸಂಗತಿಯಲ್ಲ.

ಅವರ ಬದುಕಿನ ಇನ್ನೊಂದು ಘಟನೆಯನ್ನು ಆ ಹುಡುಗಿಗೆ ಹೇಳಿದೆ. 1948ರಲ್ಲಿ ಅವರು ಮೈಸೂರಿನ ಸಮೀಪದ ಒಂದು ಹಳ್ಳಿಯಲ್ಲಿ ವಾಸವಾಗಿದ್ದು ಅದನ್ನು ಅಭ್ಯಾಸ ಮಾಡಿದರು. ಆ ಊರಿಗೆ ಬರಹದಲ್ಲಿ ರಾಂಪುರ ಎಂದು ಹೆಸರಿಟ್ಟರು. ಹದಿನೆಂಟು ವರ್ಷ ತಿದ್ದಿ ಅಣಿಗೊಳಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಆಹುತಿಯಾದವು. ಅವರು ಬಹುಮಟ್ಟಿಗೆ ನೆನಪಿನಿಂದಲೇ 'ದಿ ರಿಮೆಂಬರ್ಡ್ ವಿಲೇಜ್' ಎಂಬ ಗ್ರಂಥವನ್ನು ಬರೆದರು, 1976ರಲ್ಲಿ ಪ್ರಕಟವಾಯಿತು. "ಹಾಗಾದರೆ ನಿಮ್ಮ ನೆನಪೂ ಸಾಕು ಅಲ್ವಾ?" ಎಂದಳು ಹುಡುಗಿ. ಸಾಲದು. ಶ್ರೀನಿವಾಸರ ನೆನಪಿನ ಹಿಂದೆ ಹದಿನೆಂಟು ವರ್ಷಗಳ ಬರವಣಿಗೆಯಿತ್ತು, ನನ್ನ ನೆನಪಿನ ಹಿಂದೆ ಇರುವುದು ರದ್ದಿಯವನ ತಕ್ಕಡಿ.

ಹಳೆಯ ಕಾಲಕ್ಕೆ ಆಧಾರ ಹುಡುಕುವುದು ಇದಕ್ಕಿಂತ ಸುಲಭ ಎಂಬುದೇ ವಿಚಿತ್ರ. ಥಾಣೆಯನ್ನು ಶಾಸನಗಳು ಸ್ಥಾನಕ, ಶ್ರೀಸ್ಥಾನಕ ಎನ್ನುತ್ತವೆ. ಉತ್ತರ ಕೊಂಕಣವನ್ನಾಳಿದ ಶಿಲಾಹಾರರಿಗೆ ಸಂಬಂಧಪಟ್ಟ ಊರು. ಬೊರಿವಲಿಯ ಕಾಡಿನೊಳಗಿನ ಕಾನ್ಹೇರಿ ಗುಹೆಗಳಲ್ಲಿ ಶಿಲಾಹಾರ ಪುಲ್ಲಶಕ್ತಿ ಮತ್ತು ಅವನ ಮಗ ಕಪರ್ದಿಯ ಕಾಲದ ಶಾಸನಗಳಿವೆ. ಅವುಗಳಲ್ಲಿ ಒಂದು ಶಕ 765ರದು, ಅಂದರೆ ಕ್ರಿ.ಶ. 843. ತಮ್ಮ ಸಾರ್ವಭೌಮನೆಂದು ಅವು ಹೆಸರಿಸುವುದು ರಾಷ್ಟ್ರಕೂಟ ಅಮೋಘವರ್ಷನನ್ನು, ಮಾನ್ಯಖೇಟದಲ್ಲಿದ್ದ ನಮ್ಮ ನೃಪತುಂಗನನ್ನು. 'ಕವಿರಾಜಮಾರ್ಗ' ಹುಟ್ಟಿದ ಆಸ್ಥಾನದ ಆಜ್ಞೆ ಥಾಣೆಯ ಖಾಡಿಯವರೆಗೂ ನಡೆಯುತ್ತಿತ್ತು ಎಂದಾಯಿತು. ನಮ್ಮ ಕೆಲವು ಭಾಷಣಕಾರರು ಇಷ್ಟಕ್ಕೇ ನಿಲ್ಲದೆ, ಆಗ ಇಲ್ಲಿ ಮನೆಮಾತೇ ಕನ್ನಡವಾಗಿತ್ತು ಎಂದುಬಿಡುತ್ತಾರೆ. ಕಾನ್ಹೇರಿಯ ಆ ಶಾಸನಗಳ ಭಾಷೆ ಸಂಸ್ಕೃತ. ಪರೀಕ್ಷಕರ ಮುಂದೆ ನಿಂತಾಗ ಇಂಥ ಜಂಬದ ಮಾತು ಉಪಯೋಗಕ್ಕೆ ಬಾರದು ಎಂದು ಅವಳಿಗೆ ಎಚ್ಚರಿಸಿದೆ.

ಕಷ್ಟವಿರುವುದು ನಡುವಿನ ನೂರಿಪ್ಪತ್ತು ವರ್ಷಗಳಲ್ಲಿ. ಸಂಸ್ಥೆಗಳ ಚರಿತ್ರೆ ಒಂದಿಷ್ಟು ದೊರೆಯುತ್ತದೆ: 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, ಮಾಟುಂಗದ ಮೈಸೂರು ಅಸೋಸಿಯೇಶನ್ 1926, ಮಾಹಿಮಿನ ಕರ್ನಾಟಕ ಸಂಘ 1933. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥನ ಹೆಸರಿನಲ್ಲಿ ಶಾಲೆಯನ್ನೂ ಕಾಲೇಜನ್ನೂ ಕಟ್ಟಿತು. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಮುಂಬಯಿ ಕನ್ನಡಿಗರ ಬಗ್ಗೆ ಅನೇಕ ಗ್ರಂಥಗಳನ್ನು ಹೊರತಂದಿದೆ. ಆದರೆ ಮನೆಗಳ ಚರಿತ್ರೆ? ಮಾಟುಂಗ, ಫೋರ್ಟು, ಗಿರಗಾಂವಿನಿಂದ ಜನ ಯಾವಾಗ, ಏಕೆ ರೈಲಿನ ದಾರಿ ಹಿಡಿದು ಥಾಣೆಗೂ ಕಲ್ಯಾಣಕ್ಕೂ ಸರಿದರು? ಅದೇ ದಾರಿಯಲ್ಲಿ 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಥಾಣೆಗೆ ಓಡಿತು, ಮರುವರ್ಷ ಕಲ್ಯಾಣ ಮುಟ್ಟಿತು. ಸಿಡ್ಕೊ 1970ರಲ್ಲಿ ಹುಟ್ಟಿತು, 1973ರಲ್ಲಿ ಖಾಡಿಗೆ ಸೇತುವೆಯಾಯಿತು, 1992ರಲ್ಲಿ ವಾಶಿಗೆ ಲೋಕಲ್ ಬಂತು. ಇವುಗಳ ತಾರೀಖು ಯಾರಿಗೂ ಸಿಗುತ್ತದೆ. ಆ ಲೋಕಲಿನಲ್ಲಿ ಮೊದಲು ಇಳಿದ ಕನ್ನಡ ಸಂಸಾರ ಯಾವುದು, ಪಗಡಿ ಎಷ್ಟು ಬಂತು, ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸಿದ್ದು ಯಾವ ವರ್ಷ – ಇವನ್ನು ಬಲ್ಲವರು ಈಗ ಎಂಬತ್ತರ ಆಚೆಗಿದ್ದಾರೆ. ಬರೆದಿಟ್ಟವರು ಕಡಿಮೆ.

ಥಾಣೆಯ ಜೋಶಿ-ಬೇಡೇಕರ್ ಕಾಲೇಜು 1969ರದು, ಕಲ್ಯಾಣದ ಬಿರ್ಲಾ ಕಾಲೇಜು 1972ರದು. ಅದಕ್ಕೆ ಮೊದಲು ಈ ಕಡೆಯ ಬಹಳಷ್ಟು ಹುಡುಗರು ಪದವಿಗಾಗಿ ದಿನವೂ ಲೋಕಲಿನಲ್ಲಿ ಜೋತಾಡಿಕೊಂಡು ನಗರಕ್ಕೆ ಹೋಗುತ್ತಿದ್ದರು. ಈಗ ಮನೆಯ ಬಾಗಿಲಲ್ಲೇ ಕಾಲೇಜು. 2020ರ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿಯಲ್ಲಿ ಸಂಶೋಧನೆಗೂ ಅವಕಾಶವಿದೆ. ಮಕ್ಕಳು ಕೇಳಲು ಸಿದ್ಧರಾದ ಹೊತ್ತಿಗೆ ನಮ್ಮ ಅಟ್ಟಗಳು ಖಾಲಿಯಾಗಿವೆ.

ಹುಡುಗಿ ಎದ್ದು ಹೊರಟಾಗ ಒಳಗಿನಿಂದ ನನ್ನ ಹೆಂಡತಿ, "ನನ್ನನ್ನು ಯಾರೂ ಕೇಳಲೇ ಇಲ್ಲವಲ್ಲ" ಎಂದಳು. ಹುಡುಗಿ ತಟ್ಟನೆ ಅಡುಗೆಮನೆಗೆ ಹೋದಳು. ನಾನು ಪೇಪರು ಓದುತ್ತ ಕುಳಿತೆ. ಒಳಗಡೆ ಮಾತು ಮುಗಿಯುವಾಗ ಕತ್ತಲಾಗಿತ್ತು. ನಲ್ಲಿಯ ನೀರು ಬರುತ್ತಿದ್ದ ಹೊತ್ತು, ಸೀಮೆಎಣ್ಣೆಯ ಸಾಲು, ಊರಿನ ಕುಚ್ಚಲಕ್ಕಿ ಯಾರ ಕೈಯಲ್ಲಿ ಬರುತ್ತಿತ್ತು ಎಂಬುದು – ನಾನು ಹೇಳದೆ ಬಿಟ್ಟದ್ದೆಲ್ಲ ಅಲ್ಲಿ ಬಂತು. ಕೊನೆಗೆ ಅವಳು ಕಪಾಟಿನ ಮೇಲಿನಿಂದ ಒಂದು ಹಳೆಯ ವಹಿಯನ್ನು ತೆಗೆದುಕೊಟ್ಟಳು. 1977ರಲ್ಲಿ ಕಟ್ಟಡದ ಹೆಂಗಸರು ನಡೆಸುತ್ತಿದ್ದ ಭಿಶಿಯ ಲೆಕ್ಕ. ಮೊದಲ ಪುಟದಲ್ಲಿ ಕನ್ನಡದಲ್ಲಿ ಹನ್ನೊಂದು ಹೆಸರುಗಳು, ತಿಂಗಳಿಗೆ ತಲಾ ಐದು ರೂಪಾಯಿ.

ಏಳನೆಯ ಹೆಸರು ಆ ಹುಡುಗಿಯ ಅಜ್ಜಿಯದು. ಅವಳು ಮೊಬೈಲಿನಲ್ಲಿ ಪುಟಪುಟದ ಚಿತ್ರ ತೆಗೆದುಕೊಂಡು, ವಹಿಯನ್ನು ಎರಡೂ ಕೈಯಿಂದ ನನ್ನ ಹೆಂಡತಿಗೆ ಹಿಂದಿರುಗಿಸಿದಳು.