ಕುದುರೆಯ ಗೊರಸಿನ ಆಕಾರ ಮತ್ತು ನಡಿಗೆಯ ಭಾರ

ಕುದುರೆ ಪ್ರತಿ ಕಾಲಿನಲ್ಲೂ ಒಂದೇ ಬೆರಳಿನ ತುದಿಯ ಮೇಲೆ ನಿಲ್ಲುವ ಪ್ರಾಣಿ. ನಮ್ಮ ನಡುಬೆರಳಿಗೆ ಸಮನಾದ ಆ ಬೆರಳಿನ ಕೊನೆಯ ಮೂಳೆಯನ್ನು ಸುತ್ತುವರಿದ ಕೊಂಬಿನ ಗೂಡೇ ಗೊರಸು. ದೇಹದ ಭಾರ ನೆಲಕ್ಕೆ ಇಳಿಯುವುದು ಇದರ ಮೂಲಕವೇ. ಆದ್ದರಿಂದ ಗೊರಸಿನ ಕೋನ, ಉದ್ದ ಮತ್ತು ಎಡಬಲದ ಎತ್ತರ ಸ್ವಲ್ಪ ಬದಲಾದರೂ ಮೂಳೆ, ಕೀಲು, ಸ್ನಾಯುರಜ್ಜುಗಳ ಮೇಲೆ ಬೀಳುವ ಒತ್ತಡ ಬದಲಾಗುತ್ತದೆ.

ಭಾರ ಹೊರುವ ಕೆಲಸದಲ್ಲಿ ಗೊರಸಿನ ಭಾಗಗಳಿಗೆ ಬೇರೆ ಬೇರೆ ಪಾಲಿದೆ. ಹೊರಗೋಡೆ ಗಟ್ಟಿಯಾದದ್ದು, ಸಮತಟ್ಟಾದ ಬಿರುಸು ನೆಲದಲ್ಲಿ ಹೆಚ್ಚಿನ ಭಾರ ಅದರ ಅಂಚಿನ ಮೇಲೆಯೇ ಕೂರುತ್ತದೆ. ತಳ ಸ್ವಲ್ಪ ಒಳಬಾಗಿರುತ್ತದೆ. ಅದರ ಹಿಂಭಾಗದಲ್ಲಿ ಪಶುವೈದ್ಯರು ಫ್ರಾಗ್ ಎಂದು ಕರೆಯುವ, ರಬ್ಬರಿನಷ್ಟು ಮೆದುವಾದ ತ್ರಿಕೋನ ಭಾಗವಿದೆ. ಅದರ ಮೇಲೆ ಏಟು ಹೀರುವ ಮೆತ್ತೆ. ಹಿಮ್ಮಡಿ ನೆಲ ಮುಟ್ಟಿದಾಗ ಗೊರಸು ಹಿಂದೆ ತುಸು ಅಗಲವಾಗಿ, ಕಾಲೆತ್ತಿದಾಗ ಮತ್ತೆ ಕುಗ್ಗುತ್ತದೆ. ಗೋಡೆಯ ಒಳಮೈಯಲ್ಲಿ ಐನೂರಕ್ಕೂ ಹೆಚ್ಚು ತೆಳುಪದರಗಳಿದ್ದು, ಬೆರಳಿನ ಆ ಕೊನೆಯ ಮೂಳೆಯಿಂದ, ಅಂದರೆ ಕಾಫಿನ್ ಮೂಳೆಯಿಂದ ಹೊರಟ ಅಂಥದೇ ಪದರಗಳೊಂದಿಗೆ ಹೆಣೆದುಕೊಂಡಿರುತ್ತವೆ. ಹಾಗಾಗಿ ಮೂಳೆ ತಳದ ಮೇಲೆ ಕುಳಿತಿರುವುದಿಲ್ಲ, ಗೋಡೆಯಿಂದ ತೂಗಿಕೊಂಡಿರುತ್ತದೆ. ಗೊರಸಿನ ಬಗ್ಗೆ ಒಂದೇ ಸಂಗತಿ ತಿಳಿಯಬೇಕೆಂದಿದ್ದರೆ ಇದನ್ನು ತಿಳಿಯಬೇಕು. ಲ್ಯಾಮಿನೈಟಿಸ್ ರೋಗದಲ್ಲಿ ಈ ಹೆಣಿಗೆ ಸಡಿಲಗೊಂಡು ಮೂಳೆ ಕೆಳಕ್ಕೆ ತಿರುಗಿದರೆ ಕುದುರೆ ಒಂದು ಹೆಜ್ಜೆ ಇಡಲೂ ಒದ್ದಾಡುತ್ತದೆ.

ನಿಂತ ಕುದುರೆಯ ತೂಕದಲ್ಲಿ ಸುಮಾರು 60% ಮುಂಗಾಲುಗಳ ಮೇಲಿರುತ್ತದೆ. ಮುಂಗೊರಸು ದುಂಡಗೆ, ಹಿಂಗೊರಸು ಕೊಂಚ ಚೂಪಾಗಿ, ಕಡಿದಾಗಿ ಇರುತ್ತದೆ. ನಡಿಗೆ ನಾಲ್ಕು ತಾಳದ್ದು: ಯಾವಾಗಲೂ ಎರಡು ಅಥವಾ ಮೂರು ಕಾಲುಗಳು ನೆಲದಲ್ಲಿರುತ್ತವೆ. ಆಗ ಒಂದು ಮುಂಗಾಲು ಹೊರುವ ಗರಿಷ್ಠ ಭಾರ ದೇಹತೂಕದ ಸುಮಾರು 60%ರಷ್ಟು. 400 ಕಿಲೋ ಕುದುರೆಗೆ 240 ಕಿಲೋ. ನಾಗಾಲೋಟದಲ್ಲಿ ಇದು ದೇಹತೂಕದ ಎರಡೂವರೆ ಪಟ್ಟಿನವರೆಗೂ ಏರುತ್ತದೆ. ನಡಿಗೆಯಲ್ಲಿ ಭಾರ ಕಡಿಮೆಯಾದರೂ ಕಾಲು ನೆಲದಲ್ಲಿರುವ ಹೊತ್ತು ಹೆಚ್ಚು. ಆದ್ದರಿಂದ ಗೊರಸಿನ ಓರೆಕೋರೆಯನ್ನು ಗುರುತಿಸಲು ಕುದುರೆಯನ್ನು ಮೊದಲು ನಿಧಾನವಾಗಿ ನಡೆಸಿ ನೋಡುವುದೇ ಸರಿಯಾದ ಕ್ರಮ.

ಗೊರಸಿನ ಮುಂಗೋಡೆಯೂ ಅದರ ಮೇಲಿನ ಬೆರಳೆಲುಬುಗಳೂ ಬದಿಯಿಂದ ನೋಡಿದಾಗ ಒಂದೇ ಗೆರೆಯಲ್ಲಿರಬೇಕು. ಮುಂಗಾಲಿನಲ್ಲಿ ಈ ಕೋನ ಸಾಮಾನ್ಯವಾಗಿ 50ರಿಂದ 55 ಡಿಗ್ರಿ. ಮುಂತುದಿ ಉದ್ದವಾಗಿ ಹಿಮ್ಮಡಿ ತಗ್ಗಿದರೆ ಗೆರೆ ಹಿಂದಕ್ಕೆ ಮುರಿಯುತ್ತದೆ. ಹೆಜ್ಜೆಯ ಕೊನೆಗೆ ಗೊರಸು ಮುಂತುದಿಯ ಮೇಲೆ ಹೊರಳಿ ಮೇಲೇಳಬೇಕಷ್ಟೆ. ತುದಿ ಉದ್ದವಾದಷ್ಟೂ ಹೊರಳಲು ಹೆಚ್ಚು ಬಲ ಬೇಕು. ಆ ಬಲವನ್ನು ಕೊಡುವ ಆಳದ ಸ್ನಾಯುರಜ್ಜು ಕಾಲಿನ ಹಿಂಬದಿಯಿಂದ ಇಳಿದು, ನ್ಯಾವಿಕ್ಯುಲರ್ ಎಂಬ ಪುಟ್ಟ ಮೂಳೆಯನ್ನು ಬಳಸಿ ಕಾಫಿನ್ ಮೂಳೆಗೆ ಅಂಟುತ್ತದೆ. ರಜ್ಜು ಬಿಗಿದಷ್ಟೂ ಆ ಪುಟ್ಟ ಮೂಳೆಯ ಮೇಲೆ ಒತ್ತಡ ಹೆಚ್ಚುತ್ತದೆ. ಹಿಮ್ಮಡಿಯನ್ನು 6 ಡಿಗ್ರಿ ಎತ್ತರಿಸುವ ಲಾಳ ಹಾಕಿದಾಗ ದುಡುಕಿ ಓಟದಲ್ಲಿ ಆ ಮೂಳೆಯ ಮೇಲಿನ ಒತ್ತಡ ಸುಮಾರು ಕಾಲುಭಾಗ ಇಳಿದದ್ದನ್ನು ಅಳತೆಗಳು ತೋರಿಸಿವೆ. ಹಾಗೆಂದು ಹಿಮ್ಮಡಿ ಎತ್ತರಿಸುವುದೇ ಎಲ್ಲಕ್ಕೂ ಮದ್ದಲ್ಲ. ತೀರಾ ಕಡಿದಾದ ಗೊರಸಿನಲ್ಲಿ ರಜ್ಜಿಗೆ ಬಿಡುವು ಸಿಕ್ಕರೂ ಭಾರ ಮುಂತುದಿಯತ್ತ ಸರಿಯುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ನೆಲದ ಏಟು ನೇರ ಕೀಲಿಗೆ ತಾಗುತ್ತದೆ.

ಎಡಬಲದ ಏರುಪೇರು ಇನ್ನೂ ಸದ್ದಿಲ್ಲದ ಕೇಡು. ಒಂದು ಬದಿಯ ಗೋಡೆ ಎತ್ತರವಾಗಿದ್ದರೆ ಅದೇ ಮೊದಲು ನೆಲಕ್ಕೆ ಬಡಿಯುತ್ತದೆ. ಕಾಲಕ್ರಮೇಣ ಆ ಬದಿ ನೆಟ್ಟಗಾಗಿ ಮೇಲಕ್ಕೆ ತಳ್ಳಲ್ಪಡುತ್ತದೆ, ಎದುರು ಬದಿ ಹೊರಕ್ಕೆ ಚಾಚಿಕೊಳ್ಳುತ್ತದೆ; ಹಿಮ್ಮಡಿಯ ಬಳಿ ಗೋಡೆ ಸೀಳುವುದೂ ಉಂಟು.

ಇವೆಲ್ಲದರಲ್ಲಿ ಹುಟ್ಟಿನ ಪಾಲು ಸ್ವಲ್ಪ, ಆರೈಕೆಯ ಪಾಲು ಬಹಳ. ಗೊರಸು ತಿಂಗಳಿಗೆ 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಲಾಳ ಕಟ್ಟಿದ ಗೊರಸಿನಲ್ಲಿ ಗೋಡೆ ಸಮನಾಗಿ ಸವೆಯದ ಕಾರಣ ಎಂಟು ವಾರಗಳಲ್ಲಿ ಮುಂಗೊರಸಿನ ಕೋನ ಸುಮಾರು 3 ಡಿಗ್ರಿ ತಗ್ಗುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಬಿಚ್ಚಿ ಗೊರಸು ಕತ್ತರಿಸಬೇಕೆಂಬ ನಿಯಮ ಬಂದದ್ದು ಈ ಕಾರಣಕ್ಕೆ. ಲಾಳ ಇನ್ನೂ ಸವೆದಿಲ್ಲವೆಂದು ಮುಂದೂಡುವ ಮಾಲೀಕ ಉಳಿಸುವುದು ಕಬ್ಬಿಣವನ್ನು, ಕಳೆಯುವುದು ಕಾಲನ್ನು.

ಆರೈಕೆಯಷ್ಟೇ ಅಲ್ಲ, ಕಾಲಿಡುವ ನೆಲವೂ ಮುಖ್ಯ. ಮುಂಬಯಿಯ ಈಶಾನ್ಯ ಅಂಚಿನ ಮುಲುಂಡ್‌ನಲ್ಲಿ ಕುದುರೆ ಇಂದು ಹೆಚ್ಚಾಗಿ ಕಾಣುವುದು ಮದುವೆಯ ಮೆರವಣಿಗೆಯಲ್ಲಿ. ಗುಜರಾತಿ ಮನೆತನಗಳು ಬಹಳವಿರುವ ಈ ಉಪನಗರದಲ್ಲಿ ವರನನ್ನು ಹೊತ್ತ ಕುದುರೆ ಕಾಂಕ್ರೀಟ್ ಹಾಗೂ ಡಾಂಬರಿನ ಮೇಲೆ ಒಂದೊಂದೇ ಹೆಜ್ಜೆ ಇಡುತ್ತ, ನಡುನಡುವೆ ನಿಲ್ಲುತ್ತ ಸಾಗುತ್ತದೆ. ಮೆತ್ತನೆಯ ಮಣ್ಣಿನಲ್ಲಾದರೆ ಗೊರಸು ಕೊಂಚ ಹೂತು, ತಳವೂ ಫ್ರಾಗೂ ಭಾರ ಹಂಚಿಕೊಳ್ಳುತ್ತವೆ. ಬಿರುಸು ರಸ್ತೆಯಲ್ಲಿ ಆ ನೆರವಿಲ್ಲ. ಎಡಬಲ ಓರೆಯಾದ ಗೊರಸಿಗೆ ಮಣ್ಣು ತನ್ನನ್ನು ಒಗ್ಗಿಸಿಕೊಳ್ಳುತ್ತದೆ, ಕಾಂಕ್ರೀಟ್ ಒಗ್ಗಿಸಿಕೊಳ್ಳುವುದಿಲ್ಲ. ದಕ್ಷಿಣ ಮುಂಬಯಿಯ ವಿಕ್ಟೋರಿಯಾ ಗಾಡಿಗಳ ಕುದುರೆಗಳೂ ಇಂಥ ರಸ್ತೆಗಳಲ್ಲೇ ದುಡಿದವು. ಮೋಜಿನ ಸವಾರಿಗೆ ಅವುಗಳ ಬಳಕೆ ಕಾನೂನುಬಾಹಿರವೆಂದು ಬಾಂಬೆ ಹೈಕೋರ್ಟ್ 2015ರ ಜೂನ್‌ನಲ್ಲಿ ತೀರ್ಪಿತ್ತು.

ಮುಲುಂಡ್ ನಿಂತಿರುವ ಮಧ್ಯ ರೈಲ್ವೆಯ ಹಾದಿಯಲ್ಲೇ ನೇರಳ್‌ವರೆಗೆ ಹೋದರೆ ಮಾಥೇರಾನ್ ಬೆಟ್ಟದ ಬುಡ ಸಿಗುತ್ತದೆ. ಮೋಟಾರು ವಾಹನಗಳಿಗೆ ನಿಷೇಧವಿರುವ ಆ ಊರಿನಲ್ಲಿ ಜನರನ್ನೂ ಸಾಮಾನನ್ನೂ ಹೊರುವುದು ಕುದುರೆಗಳ ಹಳೆಯ ಕಸುಬು. ಅಲ್ಲಿನ ಕೆಮ್ಮಣ್ಣಿನ ದಾರಿಗೆ ಹಾಸುಬಿಲ್ಲೆ ಹೊದಿಸಲು ಹೊರಟಾಗ ಕುದುರೆಗಳು ಜಾರುತ್ತವೆಂದು ಕುದುರೆಯವರು ಆಕ್ಷೇಪಿಸಿದರು. ಅವರ ಮಾತಿನಲ್ಲಿ ಹುರುಳಿದೆ: ಇಳಿಜಾರಿನಲ್ಲಿ ಭಾರ ಮುಂಗಾಲುಗಳಿಗೆ ಇನ್ನಷ್ಟು ವಾಲುತ್ತದೆ, ನುಣುಪು ಮೈಯ ಮೇಲೆ ಕಬ್ಬಿಣದ ಲಾಳಕ್ಕೆ ಹಿಡಿತ ಸಾಲದು. ಮುಂಬಯಿಯಲ್ಲಿ 1883ರಿಂದ ಇರುವ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ನೆಲ ಹುಲ್ಲಿನದು, ತೊಡಕು ಬೇರೆ: ಥರೋಬ್ರೆಡ್ ತಳಿಯ ಕುದುರೆಗಳಲ್ಲಿ ಉದ್ದ ಮುಂತುದಿ, ತಗ್ಗು ಹಿಮ್ಮಡಿಯ ಗೊರಸು ಬಹಳ ಸಾಮಾನ್ಯ.

ಕೊಂಕಣದ ಮಳೆ ಈ ಎಲ್ಲ ಕಡೆಯ ಕುದುರೆಗಳನ್ನೂ ಕಾಡುತ್ತದೆ. ನಾಲ್ಕು ತಿಂಗಳು ತೊಯ್ದ ಕೊಂಬು ಮೆತ್ತಗಾಗಿ ಗೋಡೆ ಹೊರಕ್ಕೆ ಹರಡುತ್ತದೆ, ಲಾಳದ ಮೊಳೆಗಳು ಸಡಿಲವಾಗುತ್ತವೆ. ಕೊಳಕು ಲಾಯದಲ್ಲಿ ಫ್ರಾಗ್ ಕೊಳೆತು ನಾರುತ್ತದೆ. ಆಗ ನೋವಿಗೆ ಹೆದರಿದ ಕುದುರೆ ಹಿಮ್ಮಡಿ ಊರದೆ ಮುಂತುದಿಯನ್ನೇ ಮೊದಲು ಇಡುತ್ತದೆ.

ಯಂತ್ರಗಳಿಲ್ಲದೆಯೂ ಭಾರದ ಹಂಚಿಕೆಯನ್ನು ಓದಬಹುದು. ನಾಲಬಂದರು, ಅಂದರೆ ಲಾಳ ಕಟ್ಟುವವರು, ಬಿಚ್ಚಿದ ಹಳೆಯ ಲಾಳವನ್ನು ಮೊದಲು ನೋಡುತ್ತಾರೆ. ಒಂದು ತೋಳು ಮಾತ್ರ ತೆಳುವಾಗಿದ್ದರೆ ಆ ಬದಿಗೆ ಹೆಚ್ಚು ಭಾರ ಬಿದ್ದಿದೆ. ಮುಂತುದಿ ಅತಿಯಾಗಿ ತಿಂದುಹೋಗಿದ್ದರೆ ಗೊರಸು ಹೊರಳಲು ಹೆಣಗಿದೆ, ಇಲ್ಲವೇ ಹಿಮ್ಮಡಿಯಲ್ಲಿ ನೋವಿದೆ. ಎರಡೂ ಮುಂಗಾಲಿನ ಲಾಳಗಳನ್ನು ಜೊತೆಗಿಟ್ಟು ಹೋಲಿಸಿದರೆ ಕುದುರೆ ಯಾವ ಕಾಲನ್ನು ಉಳಿಸಿಕೊಂಡು ನಡೆಯುತ್ತಿತ್ತು ಎಂಬುದೂ ತಿಳಿಯುತ್ತದೆ.